ಜ್ಯಾ ಎಂದರೆ ಯಾವ ಜ್ಯಾ? ಖಗೋಳ–ಗಣಿತದ ಬಹುಭಾಷಾ ಪದಪಟ್ಟಿ ಕಟ್ಟುವ ಬಗೆ

ಖಗೋಳದ್ದೋ ಗಣಿತದ್ದೋ ಒಂದು ಪಾಠವನ್ನು ಕನ್ನಡಕ್ಕೆ ತರಲು ಕೂತವರು ಮೊದಲು ಎರಡು ಕಾಲಂ ಎಳೆದುಕೊಳ್ಳುತ್ತಾರೆ: ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ನಲವತ್ತು ಐವತ್ತು ಸಾಲು ತುಂಬುವಷ್ಟರಲ್ಲಿ ಪಟ್ಟಿ ಹಳಿ ತಪ್ಪಿರುತ್ತದೆ. ಬಲಗಡೆ ‘ಕ್ಷೇತ್ರ’ ಮೂರು ಸಲ ಬಂದಿರುತ್ತದೆ. ಒಂದು ವಿದ್ಯುತ್ ಕ್ಷೇತ್ರದ್ದು, ಇನ್ನೊಂದು ಪಿಯುಸಿ ಗಣಿತದಲ್ಲಿ ಫಂಕ್ಷನ್ನಿನ ಡೊಮೇನಿಗೆ ಹೇಳುವುದು, ಮತ್ತೊಂದು ಹಳೆಯ ಕ್ಷೇತ್ರಗಣಿತದಲ್ಲಿ ಆಕೃತಿ ಎಂಬ ಅರ್ಥದ್ದು. ‘ಅಂಶ’ ಒಂದು ಕಡೆ ಕೋನದ ಡಿಗ್ರಿ, ಇನ್ನೊಂದು ಕಡೆ ಭಿನ್ನರಾಶಿಯಲ್ಲಿ ಛೇದದ ಮೇಲೆ ಕೂರುವ ಸಂಖ್ಯೆ. ಇದಕ್ಕೆ ಹಿಂದಿ, ಸಂಸ್ಕೃತ, ತೆಲುಗಿನ ಕಾಲಂಗಳನ್ನೂ ಸೇರಿಸಿದರಂತೂ ಯಾವುದು ಯಾವುದಕ್ಕೆ ಸಮ ಎಂಬುದು ಬರೆದವರಿಗೇ ತಿಳಿಯದಂತಾಗುತ್ತದೆ.

ಪದಗಳನ್ನು ಪಟ್ಟಿ ಮಾಡಲು ಹೊರಟದ್ದೇ ಇಲ್ಲಿನ ತಪ್ಪು. ಪಟ್ಟಿ ಮಾಡಬೇಕಾದ್ದು ಪರಿಕಲ್ಪನೆಗಳನ್ನು. ಒಂದು ಸಾಲು, ಒಂದು ಪರಿಕಲ್ಪನೆ. ಭಾಷೆಗಳು ಆಮೇಲೆ ಬಂದು ಅದರ ಮುಂದೆ ಕೂರಲಿ. ಮುಂದೆ ಹೇಳುವುದೆಲ್ಲ ಈ ಒಂದು ನಿಯಮವನ್ನು ಕೈಬಿಡದೆ ಹಿಡಿಯುವ ದಾರಿ.

ಹಾಳೆ ಹಾಕುವುದು

ಎರಡು ಸಾವಿರ ಪದಗಳ ಕೋಶ ಮಾಡುತ್ತೇವೆಂದು ಹೊರಡಬೇಡಿ. ಎಪ್ಪತ್ತು ಪರಿಕಲ್ಪನೆಗಳಿಂದ ಶುರುಮಾಡಿ: ಆಕಾಶದ್ದು ನಲವತ್ತು, ಗಣಿತದ್ದು ಮೂವತ್ತು. ಅವನ್ನು ಅಕಾರಾದಿಯಾಗಿ ತೆಗೆದುಕೊಳ್ಳದೆ ಗುಂಪುಗುಂಪಾಗಿ ತೆಗೆದುಕೊಳ್ಳಿ. ವೃತ್ತಕ್ಕೆ ಸೇರಿದ್ದೆಲ್ಲ ಒಂದು ಗುಂಪು, ಸಂಖ್ಯೆಗಳ ವಿಧಗಳು ಒಂದು ಗುಂಪು, ಚಲನೆಗೆ ಸೇರಿದ್ದು ಒಂದು. ಉಲ್ಕೆ, ಉಲ್ಕಾಶಿಲೆ, ಕ್ಷುದ್ರಗ್ರಹ, ಧೂಮಕೇತು ಇವನ್ನು ಒಟ್ಟಿಗೆ ಕೂರಿಸಿಕೊಂಡಾಗಲೇ ಒಂದರ ಗಡಿ ಇನ್ನೊಂದಕ್ಕೆ ಎಲ್ಲಿ ತಾಗುತ್ತದೆ ಎಂದು ಕಾಣುವುದು. ಬೇರೆ ಬೇರೆ ದಿನ, ಬೇರೆ ಬೇರೆ ಪುಟದಲ್ಲಿ ಮಾಡಿದರೆ ಒಂದೇ ಪದವನ್ನು ಎರಡಕ್ಕೆ ಕೊಟ್ಟಿರುತ್ತೀರಿ.

ಪ್ರತಿ ಸಾಲಿಗೆ ಬೇಕಾದ ಕಾಲಂಗಳು ಇವು: ಗುರುತಿನ ಸಂಖ್ಯೆ, ಕನ್ನಡದಲ್ಲಿ ಒಂದು ವಾಕ್ಯದ ವಿವರಣೆ, ಕನ್ನಡದ ಮುಖ್ಯ ಪದ, ಕನ್ನಡದ ಉಳಿದ ಪದಗಳು, ಪ್ರತಿಯೊಂದರ ಜೊತೆ ಅದು ಎಲ್ಲಿ ನಡೆಯುತ್ತದೆ ಎಂಬ ಗುರುತು (ಶಾಲೆ, ಪತ್ರಿಕೆ, ಪಂಚಾಂಗ, ಹಳೆಯ ಗ್ರಂಥ), ಇಂಗ್ಲಿಷ್, ಸಂಸ್ಕೃತ (ಗ್ರಂಥದ ಕಾಲದ ಸಮೇತ), ಹಿಂದಿ ಮತ್ತು ನಿಮಗೆ ಬೇಕಾದ ಇತರ ಭಾಷೆಗಳು, ಚಿಹ್ನೆ ಮತ್ತು ಏಕಮಾನ, ‘ಇದಲ್ಲ’ ಎಂಬ ಕಾಲಂ (ಯಾವುದೆಂದು ತಪ್ಪು ತಿಳಿಯಬಾರದು ಎಂದು ಹೇಳುವುದು), ಒಂದು ಬಳಕೆಯ ವಾಕ್ಯ, ಎಲ್ಲಿಂದ ತೆಗೆದದ್ದು, ಯಾವ ದಿನ.

ಗುರುತಿನ ಸಂಖ್ಯೆಯನ್ನು ನೀವೇ ಹುಟ್ಟಿಸಬೇಕಾಗಿಲ್ಲ. ವಿಕಿಪೀಡಿಯದ ಬಳಗದ ಮುಕ್ತ ಮಾಹಿತಿಕೋಶವಾದ ವಿಕಿಡೇಟಾದಲ್ಲಿ ಪ್ರತಿ ಪರಿಕಲ್ಪನೆಗೂ ಕ್ಯೂ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆ. ಗುರು ಗ್ರಹ 319, ಯುರೇನಸ್ 324, ಸೂರ್ಯನಂಥ ಸ್ವಯಂಪ್ರಕಾಶ ಕಾಯ ಎಂಬ ಅರ್ಥದ ನಕ್ಷತ್ರ 523. ಈ ಸಂಖ್ಯೆ ಹಿಡಿದರೆ ತಮಿಳು, ಮರಾಠಿ, ಜರ್ಮನ್ ಹೆಸರುಗಳು ಒಂದೇ ಕಡೆ ಸಿಗುತ್ತವೆ. ಸಿಕ್ಕ ಹೆಸರು ಸರಿಯೇ ಇದೆ ಎಂದು ಮಾತ್ರ ನಂಬಬೇಡಿ. ಅಲ್ಲಿಯೂ ಸ್ವಯಂಸೇವಕರು ಪದ ನೋಡಿ ಪದ ತುಂಬಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ದುಡಿಯುವ ಕಾಲಂ ‘ಇದಲ್ಲ’. ಅದನ್ನು ಖಾಲಿ ಬಿಟ್ಟ ಸಾಲು ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ.

ವಿವರಣೆ ಮೊದಲು, ಪದ ಆಮೇಲೆ

ವಿವರಣೆಯ ವಾಕ್ಯದಲ್ಲಿ ಆ ಪದವೂ ಅದರ ಒಡಹುಟ್ಟಿದ ಪದವೂ ಬರಬಾರದು. ‘ಜ್ಯೋತಿರ್ವರ್ಷ: ಬೆಳಕಿನ ಒಂದು ವರ್ಷ’ ಎಂದರೆ ಏನೂ ಹೇಳಿದಂತಾಗಲಿಲ್ಲ; ಓದಿದವರು ಅದನ್ನು ಕಾಲವೆಂದೇ ತಿಳಿಯುತ್ತಾರೆ. ‘ನಿರ್ವಾತದಲ್ಲಿ ಬೆಳಕು 365.25 ದಿನಗಳಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್’ ಎಂದು ಬರೆದಾಗ ‘ಇದಲ್ಲ’ ಕಾಲಂನಲ್ಲಿ ‘ಕಾಲದ ಅಳತೆಯಲ್ಲ’ ಎಂದು ತಾನಾಗಿಯೇ ಬರುತ್ತದೆ.

ಒಂದು ಪದವನ್ನು ಪೂರ್ತಿ ಬಿಚ್ಚಿ ನೋಡೋಣ. ‘ರೋಹಿಣಿ ನಕ್ಷತ್ರ’ ಎಂದು ನಾಲ್ಕು ಜನ ಹೇಳಿದರೆ ನಾಲ್ಕು ಅರ್ಥ. ದೂರದರ್ಶಕ ಹಿಡಿದವರಿಗೆ ಅದು ವೃಷಭ ಪುಂಜದ ಕೆಂಪು ಚುಕ್ಕಿ, ಅರಬ್ಬಿ ಮೂಲದ ಹೆಸರಿನಲ್ಲಿ ಅಲ್ಡೆಬರಾನ್. ಹಳೆಯ ಖಗೋಳ ಗಣಿತದ ಸಿದ್ಧಾಂತ ಗ್ರಂಥ ಓದುವವರಿಗೆ ಕ್ರಾಂತಿವೃತ್ತವನ್ನು, ಅಂದರೆ ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿಯನ್ನು, 27 ಪಾಲು ಮಾಡಿದಾಗ ಸಿಗುವ 13 ಡಿಗ್ರಿ 20 ಕಲೆಯ (ಒಂದು ಡಿಗ್ರಿಗೆ 60 ಕಲೆ) ನಾಲ್ಕನೇ ತುಂಡು. ಪಂಚಾಂಗ ತೆರೆದು ‘ಇವತ್ತು ರೋಹಿಣಿ’ ಎನ್ನುವವರಿಗೆ ಚಂದ್ರ ಆ ತುಂಡಿನಲ್ಲಿರುವ ಅವಧಿ, ಹೆಚ್ಚುಕಡಿಮೆ ಒಂದು ದಿನ. ರೈತರಿಗೆ ಸೂರ್ಯ ಅದೇ ತುಂಡಿನಲ್ಲಿರುವ ಹದಿಮೂರು ಹದಿನಾಲ್ಕು ದಿನ, ಅಂದರೆ ಮೇ 25ರ ಸುಮಾರಿನಿಂದ ಜೂನ್ ಮೊದಲ ವಾರದವರೆಗಿನ ರೋಹಿಣಿ ಮಳೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ಚುಕ್ಕಿ ರಾತ್ರಿ ಕಾಣುವುದೇ ಇಲ್ಲ, ಸೂರ್ಯ ಅದರ ಪಕ್ಕದಲ್ಲೇ ಇರುತ್ತಾನೆ. ಚುಕ್ಕಿಯನ್ನು ಇಡೀ ರಾತ್ರಿ ನೋಡಬೇಕಾದರೆ ಡಿಸೆಂಬರ್ ಬರಬೇಕು. ನಾಲ್ಕೂ ಅರ್ಥವನ್ನು ಒಂದೇ ಸಾಲಿಗೆ ತುರುಕಿ ಎದುರಿಗೆ ಇಂಗ್ಲಿಷಿನ ‘ಸ್ಟಾರ್’ ಎಂದು ಬರೆದರೆ, ‘ಜೂನ್ ಒಂದರಂದು ರೋಹಿಣಿಯನ್ನು ನೋಡಿ’ ಎಂಬಂಥ ವಾಕ್ಯ ಅಚ್ಚಾಗುತ್ತದೆ.

ಹಾಗಾಗಿ ನಾಲ್ಕು ಸಾಲು ಹಾಕಿ: ತಾರೆ, ನಕ್ಷತ್ರ ವಿಭಾಗ, ದಿನ ನಕ್ಷತ್ರ, ಮಳೆ ನಕ್ಷತ್ರ. ಮುಖ್ಯ ಪದ ಬೇರೆ ಬೇರೆ ಇರಲಿ. ‘ನಕ್ಷತ್ರ’ ನಾಲ್ಕರಲ್ಲೂ ಉಳಿದ ಪದಗಳ ಕಾಲಂನಲ್ಲಿ ಕೂರಲಿ. ಜನ ಬಳಸುವ ಪದವನ್ನು ಪಟ್ಟಿಯಿಂದ ಹೊರಗೆ ಹಾಕುವ ಹಕ್ಕು ನಮಗಿಲ್ಲ. ಹುಬ್ಬೆ, ಉತ್ತರೆ, ಚಿತ್ತೆ, ಆರಿದ್ರೆ ಎಂಬ ರೂಪಗಳನ್ನೂ ಬರೆದುಕೊಳ್ಳಿ. ಪೂರ್ವ ಫಲ್ಗುಣಿ ಎಂದು ಹುಡುಕುವವರಿಗಿಂತ ಹುಬ್ಬೆ ಎಂದು ಹುಡುಕುವವರು ನಮ್ಮಲ್ಲಿ ಹೆಚ್ಚು.

ಹಳೆಯ ಗ್ರಂಥದ ಪದಕ್ಕೆ ಅದರ ಕಾಲವನ್ನೂ ಬರೆಯಿರಿ

ಹತ್ತನೇ ತರಗತಿಯ ಪುಸ್ತಕದಲ್ಲಿ ಜ್ಯಾ ಎಂದರೆ ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡ. ಸಿದ್ಧಾಂತ ಗ್ರಂಥಗಳಲ್ಲಿ ಜ್ಯಾ ಎಂದರೆ ಹೆಚ್ಚಿನ ಕಡೆ ಅರ್ಧಜ್ಯಾ, ಆ ರೇಖೆಯ ಅರ್ಧ. ಹಿಂದಿಯ ಪಾರಿಭಾಷಿಕ ಶಬ್ದಾವಳಿಯಲ್ಲಿ ಜ್ಯಾ ಎಂದರೆ ಸೈನ್, ಅಂದರೆ ಉದ್ದವೇ ಅಲ್ಲ, ಬರಿಯ ಅನುಪಾತ. ಮೂರೂ ಒಂದೇ ಅಕ್ಷರಗಳು.

ಬೆಲೆ ಹಾಕಿ ನೋಡಿದರೆ ವ್ಯತ್ಯಾಸ ಕೈಗೆ ಸಿಗುತ್ತದೆ. 499ರ ಆರ್ಯಭಟೀಯದ ಲೆಕ್ಕದಲ್ಲಿ ವೃತ್ತದ ಪರಿಧಿ 21,600 ಕಲೆ, ತ್ರಿಜ್ಯ 3438 ಕಲೆ. ಅಲ್ಲಿ 30 ಡಿಗ್ರಿಯ ಜ್ಯಾ 1719. ಅದನ್ನು 3438ರಿಂದ ಭಾಗಿಸಿದರೆ 0.5, ಅಂದರೆ ಇವತ್ತಿನ ಸೈನ್. ಇದನ್ನೇ ಶಾಲೆಯ ಅರ್ಥದಲ್ಲಿ ಓದಿ, 30 ಡಿಗ್ರಿಯ ಕಂಸದ ಎರಡು ತುದಿ ಸೇರಿಸುವ ರೇಖೆ ಎಂದುಕೊಂಡರೆ ಉತ್ತರ ಸುಮಾರು 1780 ಬರಬೇಕು. ಗ್ರಂಥದಲ್ಲಿರುವುದು 1719. ಆಗ ಅನುವಾದಕರು ಗ್ರಂಥಕಾರನದೇ ತಪ್ಪು ಎಂದು ಅಡಿಟಿಪ್ಪಣಿ ಹಾಕುತ್ತಾರೆ! ತ್ರಿಜ್ಯದ ಬೆಲೆಯೂ ಎಲ್ಲ ಕಡೆ ಒಂದೇ ಅಲ್ಲ. ವರಾಹಮಿಹಿರ 120 ಇಟ್ಟುಕೊಂಡ, ಬ್ರಹ್ಮಗುಪ್ತ ತನ್ನ ಸಿದ್ಧಾಂತ ಗ್ರಂಥದಲ್ಲಿ 3270. ಆದ್ದರಿಂದ 30 ಡಿಗ್ರಿಯ ಜ್ಯಾ ಒಂದು ಕಡೆ 60, ಇನ್ನೊಂದು ಕಡೆ 1635. ಏಕಮಾನದ ಕಾಲಂನಲ್ಲಿ ‘ತ್ರಿಜ್ಯ ಎಷ್ಟು’ ಎಂದು ಬರೆಯದ ಜ್ಯಾ ಸಾಲು ಯಾರಿಗೂ ಉಪಯೋಗವಿಲ್ಲ.

ತ್ರಿಜ್ಯ ಎಂಬ ಪದವೇ ಇಲ್ಲಿಂದ ಬಂದದ್ದು. ಮೂರು ರಾಶಿ, ತಲಾ 30 ಡಿಗ್ರಿ, ಒಟ್ಟು 90. ಆ ಮೂರು ರಾಶಿಗಳ ಜ್ಯಾ ವೃತ್ತದ ಕೇಂದ್ರದಿಂದ ಪರಿಧಿಯವರೆಗಿನ ಉದ್ದಕ್ಕೆ ಸಮ. ಏಳನೇ ತರಗತಿಯ ಹುಡುಗ ‘ತ್ರಿಜ್ಯ’ ಎಂದಾಗಲೆಲ್ಲ ತನಗರಿವಿಲ್ಲದೆ ತ್ರಿಕೋನಮಿತಿ ಹೇಳುತ್ತಿರುತ್ತಾನೆ. ಇಂಗ್ಲಿಷಿನ ಸೈನ್ ಕೂಡ ಇದೇ ಜ್ಯಾದ ಮೊಮ್ಮಗ. ಜ್ಯಾದ ಪರ್ಯಾಯ ಜೀವಾ ಅರಬ್ಬಿಯಲ್ಲಿ ‘ಜಿಬಾ’ ಆಯಿತು. ಸ್ವರ ಬರೆಯದ ಲಿಪಿಯಲ್ಲಿ ಅದನ್ನು ‘ಜೈಬ್’ ಎಂದು ಓದಿದರು, ಅದಕ್ಕೆ ಮಡಿಲು, ಜೇಬು ಎಂಬ ಅರ್ಥ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಆ ಅರ್ಥವನ್ನೇ ಹಿಡಿದು ‘ಸೈನಸ್’ ಎಂದರು. ಪದ ನೋಡಿ ಪದ ತುಂಬುವ ಚಾಳಿ ಇವತ್ತಿನದಲ್ಲ.

ಇದೇ ಗುಂಪಿನ ಇನ್ನೂ ಕೆಲವು ಮುಳ್ಳುಗಳು. ಕೋಟಿಜ್ಯಾದಲ್ಲಿ ‘ಕೋಟಿ’ ನೂರು ಲಕ್ಷವಲ್ಲ, ಲಂಬಕೋನ ತ್ರಿಭುಜದ ಒಂದು ಭುಜ. ಮಂದಕೇಂದ್ರದಲ್ಲಿ ‘ಕೇಂದ್ರ’ ನಡುಬಿಂದು ಅಲ್ಲ, ಗ್ರಹ ತನ್ನ ಮಂದೋಚ್ಚದಿಂದ (ಅತಿ ನಿಧಾನವಾಗಿ ಚಲಿಸುವ, ಕಕ್ಷೆಯ ದೂರದ ಬಿಂದು) ಎಷ್ಟು ಕೋನ ಸರಿದಿದೆ ಎಂಬ ಅಳತೆ. ಪದ ಗ್ರೀಕಿನ ‘ಕೆಂಟ್ರಾನ್’ನಿಂದ ಬಂದದ್ದಾದರೂ ಅರ್ಥ ಬೇರೆ ದಾರಿ ಹಿಡಿಯಿತು. ‘ಕ್ರಾಂತಿ’ ಎಂದರೆ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವೃತ್ತ) ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ. ‘ಗ್ರಹ’ಗಳಲ್ಲಿ ಸೂರ್ಯ ಚಂದ್ರರೂ ಸೇರುತ್ತಾರೆ. ಇವುಗಳಿಗೆಲ್ಲ ಹಳೆಯ ಅರ್ಥಕ್ಕೊಂದು ಸಾಲು, ಹೊಸ ಅರ್ಥಕ್ಕೊಂದು ಸಾಲು.

ಮುಖ್ಯ ಪದವನ್ನು ಆರಿಸುವುದು

ಮೊದಲು ಶಾಲಾ ಪುಸ್ತಕ ನೋಡಿ, ಆಮೇಲೆ ಕರ್ನಾಟಕ ಸರ್ಕಾರದ ಆನ್‌ಲೈನ್ ಪದಕೋಶ ‘ಪದಕಣಜ’, ಆಮೇಲೆ ಪತ್ರಿಕೆಗಳು. ಶಾಲೆಯಲ್ಲಿ ಲಕ್ಷಾಂತರ ಮಕ್ಕಳು ಕಲಿತ ಪದ ಚೆನ್ನಾಗಿಲ್ಲ ಎನ್ನಿಸಿದರೂ ಅದೇ ಮುಖ್ಯ ಪದವಾಗಲಿ. ನಿಮಗೆ ಹೊಳೆದ ಚೆಂದದ ಪದ ‘ಉಳಿದವು’ ಕಾಲಂಗೆ ಹೋಗಲಿ. ಪದ ಹುಟ್ಟಿಸುವುದು ಕೊನೆಯ ದಾರಿ, ಮೊದಲನೆಯದಲ್ಲ.

1961ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗದ ನಿಯಮಗಳಲ್ಲಿ ಒಂದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಮೂಲವಸ್ತುಗಳ ಹೆಸರು, ಏಕಮಾನ, ಸ್ಥಿರಾಂಕ, ವ್ಯಕ್ತಿಗಳ ಹೆಸರಿನಿಂದ ಬಂದ ಪದ ಇವನ್ನು ಅನುವಾದಿಸದೆ ಲಿಪ್ಯಂತರ ಮಾಡಬೇಕು. ಜ್ಯಾಮಿತಿಯ ಚಿತ್ರದಲ್ಲಿ ಬಿಂದುಗಳಿಗೆ ಅ, ಬ, ಕ ಎಂದು ಹೆಸರಿಡಬಹುದು. ತ್ರಿಕೋನಮಿತಿಯ ಸೂತ್ರದಲ್ಲಿ ರೋಮನ್ ಅಥವಾ ಗ್ರೀಕ್ ಅಕ್ಷರವೇ ಇರಬೇಕು. ಕನ್ನಡ ಶಾಲಾ ಪುಸ್ತಕಗಳೂ ಸೈನ್, ಕಾಸ್, ಟ್ಯಾನ್‌ಗಳನ್ನು ಹೀಗೇ ಅಚ್ಚು ಮಾಡುತ್ತವೆ. ಆದ್ದರಿಂದ ಸೈನಿಗೆ ಕನ್ನಡದ ಮುಖ್ಯ ಪದ ‘ಸೈನ್’. ‘ಜ್ಯಾ’ ಅಲ್ಲ, ಕಾರಣ ಮೇಲೆಯೇ ಹೇಳಿದೆ.

ಆರಿಸಿದ ಪದಕ್ಕೆ ಮೂರು ಪರೀಕ್ಷೆ ಕೊಡಿ.

ಒಂದು, ವಿಭಕ್ತಿ ಪರೀಕ್ಷೆ. ಪದಕ್ಕೆ ‘ಇನ’, ‘ಇಗೆ’, ‘ಅಲ್ಲಿ’, ‘ಗಳು’ ಹಚ್ಚಿ ಜೋರಾಗಿ ಓದಿ. ನೆಪ್ಚೂನಿನ, ನೆಪ್ಚೂನಿಗೆ ಸಲೀಸಾಗಿ ನಡೆಯುತ್ತವೆ. ಅಭಿಜಿತ್ ತಾರೆಯ ಪಾಶ್ಚಾತ್ಯ ಹೆಸರನ್ನು ‘ವೇಗ’ ಎಂದು ಬರೆದರೆ ‘ವೇಗದ ಕಾಂತಿಮಾನ’ ಎಂಬ ವಾಕ್ಯ ಬರುತ್ತದೆ, ಓದುವವರು ಯಾವುದರ ವೇಗ ಎಂದು ಕೇಳುತ್ತಾರೆ. ‘ವೇಗಾ’ ಎಂದು ದೀರ್ಘ ಹಚ್ಚಿ. ಸಾಧ್ಯವಿದ್ದಲ್ಲೆಲ್ಲ ‘ಅಭಿಜಿತ್ ತಾರೆ’ ಎಂದೇ ಬರೆಯಿರಿ, ತೊಡಕೇ ಇರುವುದಿಲ್ಲ.

ಎರಡು, ನೆರೆಭಾಷೆಯ ಪರೀಕ್ಷೆ. ಹಿಂದಿ, ಮರಾಠಿಯ ಪದವನ್ನು ಸಂಸ್ಕೃತವೇ ತಾನೆ ಎಂದು ಹಾಗೆಯೇ ಎತ್ತಿಕೊಳ್ಳುವವರು ಬೀಳುವುದು ಇಲ್ಲಿ. ಬೆಳಕೂ ಹೊರಬರಲಾರದಷ್ಟು ಗುರುತ್ವವುಳ್ಳ ಕಾಯಕ್ಕೆ ಅಲ್ಲಿ ‘ಕೃಷ್ಣ ವಿವರ’ ಎನ್ನುತ್ತಾರೆ. ಸಂಸ್ಕೃತದಲ್ಲಿ ವಿವರ ಎಂದರೆ ಬಿಲ, ಸರಿ. ಕನ್ನಡದ ಕಿವಿಗೆ ಅದು ಕೃಷ್ಣನ ಬಗ್ಗೆ ಮಾಹಿತಿ. ತೆಲುಗಿನ ‘ಕೃಷ್ಣ ಬಿಲಂ’ ನಮಗೆ ಹತ್ತಿರ. ನಮ್ಮಲ್ಲಿ ಕೃಷ್ಣರಂಧ್ರ, ಕಪ್ಪುಕುಳಿ ಎರಡೂ ನಡೆಯುತ್ತವೆ. ‘ಕುಳಿ’ಯನ್ನು ಚಂದ್ರನ ಮೇಲಿನ ಗುಂಡಿಗಳಿಗೂ ಬಳಸುವುದರಿಂದ ಪಾಠದಲ್ಲಿ ಕೃಷ್ಣರಂಧ್ರ ಒಳ್ಳೆಯದು, ಸುದ್ದಿಗೆ ಕಪ್ಪುಕುಳಿ ಸಾಕು. ‘ಕಪ್ಪುರಂಧ್ರ’ ಅರಿಸಮಾಸ, ಬೇಡ. ಹಿಂದಿಯಲ್ಲಿ ಬೆಸ ಸಂಖ್ಯೆ ‘ವಿಷಮ’, ನಮ್ಮಲ್ಲಿ ವಿಷಮ ಭಿನ್ನರಾಶಿ ಬೇರೆಯೇ ಸಂಗತಿ. ಯುರೇನಸ್, ನೆಪ್ಚೂನ್‌ಗೆ ಹಿಂದಿಯಲ್ಲಿ ಅರುಣ, ವರುಣ; ಕನ್ನಡದಲ್ಲಿ ಆ ಹೆಸರು ನೆಲೆಯೂರಿಲ್ಲ. ಹಿಂದಿಯಿಂದ ಬಂದ ಕರಡಿನಲ್ಲಿ ‘ಅರುಣ ಗ್ರಹ’ ಕಂಡರೆ ಗ್ರಹದ ಗುರುತಿನ ಸಂಖ್ಯೆ ನೋಡಿ ಯುರೇನಸ್ ಎಂದು ತಿದ್ದಿ.

ಮೂರು, ಮನೆಮಾತಿನ ಪರೀಕ್ಷೆ. ಶಾಲಾ ವಿಜ್ಞಾನದಲ್ಲಿ ದಿಕ್ಕು ಲೆಕ್ಕಕ್ಕಿಲ್ಲದ್ದು ಜವ, ದಿಕ್ಕಿನ ಸಮೇತ ಇರುವುದು ವೇಗ. ಮನೆಯಲ್ಲಿ ಜವ ಎನ್ನುವವರಿಲ್ಲ. ಎಲ್ಲವೂ ವೇಗವೇ, ಇಲ್ಲವೇ ಸ್ಪೀಡ್. ಇಂಥಲ್ಲಿ ಪದ ಬದಲಿಸಬೇಕಾಗಿಲ್ಲ, ಬಳಕೆಯ ವಾಕ್ಯವನ್ನು ಜೋಪಾನವಾಗಿ ಬರೆಯಬೇಕು: ‘ವೃತ್ತದಲ್ಲಿ ಒಂದೇ ಜವದಿಂದ ಸುತ್ತುವ ಕಲ್ಲಿನ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ’.

ಹೆಸರುಗಳು

ನಕ್ಷತ್ರಗಳ ಹೆಸರನ್ನು ಅನುವಾದ ಮಾಡಬೇಡಿ, ಜೋಡಿ ಮಾಡಿ. ಲುಬ್ಧಕ–ಸಿರಿಯಸ್, ಅಗಸ್ತ್ಯ–ಕ್ಯಾನೊಪಸ್, ಸ್ವಾತಿ–ಆರ್ಕ್ಟುರಸ್, ಚಿತ್ತೆ–ಸ್ಪೈಕಾ, ಜ್ಯೇಷ್ಠಾ–ಆಂಟಾರೆಸ್, ಬ್ರಹ್ಮಹೃದಯ–ಕ್ಯಾಪೆಲ್ಲಾ ಇವು ಗಟ್ಟಿ ಜೋಡಿಗಳು. ಸಪ್ತರ್ಷಿಗಳಲ್ಲಿ ವಸಿಷ್ಠ ಮಿಜಾರ್, ಪಕ್ಕದ ಅರುಂಧತಿ ಆಲ್ಕಾರ್. ಆದರೆ 27 ನಕ್ಷತ್ರಗಳಲ್ಲಿ ಕೆಲವುಗಳ ಯೋಗತಾರೆ (ಆ ವಿಭಾಗವನ್ನು ಗುರುತಿಸುವ ಮುಖ್ಯ ಚುಕ್ಕಿ) ಯಾವುದು ಎಂಬುದರಲ್ಲಿ ವಿದ್ವಾಂಸರು ಒಪ್ಪುವುದಿಲ್ಲ. ಆರಿದ್ರೆಗೆ ಬೀಟಲ್‌ಜ್ಯೂಸ್ ಎಂದು ಬರೆಯುವಾಗ ‘ರೂಢಿಯ ಗುರುತು’ ಎಂದು ಪಕ್ಕದಲ್ಲಿ ಸೇರಿಸಿ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2016ರಲ್ಲಿ ನಕ್ಷತ್ರ ನಾಮಗಳಿಗೆಂದೇ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಈಗ ‘ರೇವತಿ’, ‘ಭರಣಿ’ ಅಧಿಕೃತ ಹೆಸರುಗಳಾಗಿವೆ: ಮೊದಲನೆಯದು ಮೀನ ಪುಂಜದ ಜೀಟಾ ತಾರೆಗೆ, ಎರಡನೆಯದು ಮೇಷ ಪುಂಜದ 41ನೇ ತಾರೆಗೆ. ಇಲ್ಲಿಯೂ ಅವು ಒಂದೊಂದು ಚುಕ್ಕಿಯ ಹೆಸರು, ವಿಭಾಗದ ಹೆಸರಲ್ಲ. 2019ರಲ್ಲಿ ಭಾರತದಿಂದ ಹೆಸರಿಟ್ಟ ನಕ್ಷತ್ರ ‘ಬಿಭಾ’, ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ. ಸಂಸ್ಕೃತ ಗೊತ್ತಿರುವವರು ಇದನ್ನು ‘ವಿಭಾ’ ಎಂದು ತಿದ್ದಲು ಹೋಗುತ್ತಾರೆ. ತಿದ್ದಬೇಡಿ: ಬಂಗಾಳಿಯಲ್ಲಿ ಅದು ಬಿಭಾ, ಪಟ್ಟಿಯಲ್ಲಿಯೂ ಬಿಭಾ. ಅಂಕಿತನಾಮಕ್ಕೆ ವ್ಯುತ್ಪತ್ತಿಯ ಕತ್ತರಿ ಬೇಡ.

ಪುಂಜಗಳಲ್ಲಿ ‘ಮಕರ’ದ ಮೇಲೆ ಕಣ್ಣಿಡಿ. ಒಕ್ಕೂಟ ಗಡಿ ಎಳೆದ 88 ಪುಂಜಗಳಲ್ಲಿ ಒಂದು ಮಕರ. ನಮ್ಮ ಪಂಚಾಂಗದ, 30 ಡಿಗ್ರಿಯ ಸಮಪಾಲಿನ, ನಕ್ಷತ್ರಗಳನ್ನು ಆಧರಿಸಿ ಎಣಿಸುವ ನಿರಯನ ಮಕರ ರಾಶಿ ಇನ್ನೊಂದು. ಸೂರ್ಯ ಉತ್ತರಕ್ಕೆ ತಿರುಗುವ ಡಿಸೆಂಬರ್ 21–22ರ ಅಯನದಿಂದ ಶುರುವಾಗುವ ಸಾಯನ ಮಕರ ಮತ್ತೊಂದು. ಭೂಗೋಳದ ಮಕರ ಸಂಕ್ರಾಂತಿ ವೃತ್ತಕ್ಕೆ ಹೆಸರು ಬಂದದ್ದು ಮೂರನೆಯದರಿಂದ, ಎಳ್ಳು ಬೀರುವ ಜನವರಿಯ ಸಂಕ್ರಾಂತಿ ಎರಡನೆಯದರಿಂದ. ಎರಡರ ನಡುವಿನ ಅಂತರ ಈಗ ಸುಮಾರು 24 ಡಿಗ್ರಿ. ಸಾಲು ಮೂರು, ರಿಯಾಯಿತಿ ಇಲ್ಲ.

ಅಂಕಿ ಮತ್ತು ಅಳತೆ

ಪದ ತಪ್ಪಿದರೆ ಓದುಗರು ಗೊಂದಲಗೊಳ್ಳುತ್ತಾರೆ. ಅಂಕಿ ತಪ್ಪಿದರೆ ಗೊಂದಲವೂ ಇಲ್ಲದೆ ನಂಬಿಬಿಡುತ್ತಾರೆ. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ 100 ಕೋಟಿ, ಟ್ರಿಲಿಯನ್ ಒಂದು ಲಕ್ಷ ಕೋಟಿ. ಸೂರ್ಯನ ಸರಾಸರಿ ದೂರ 150 ಮಿಲಿಯನ್ ಕಿ.ಮೀ. ಎಂದಿದ್ದರೆ 15 ಕೋಟಿ. ಅವಸರದಲ್ಲಿ ‘150 ಲಕ್ಷ’ ಎಂದು ಬರೆದರೆ ಸೂರ್ಯ ಹತ್ತು ಪಟ್ಟು ಹತ್ತಿರ ಬಂದು ಕೂತ. ವಿಶ್ವದ ವಯಸ್ಸು 13.8 ಬಿಲಿಯನ್, ಅಂದರೆ 1,380 ಕೋಟಿ ವರ್ಷ. ಜರ್ಮನ್ ಮೂಲದಿಂದ ತರುವಾಗ ಇನ್ನೂ ಎಚ್ಚರ ಬೇಕು: ಅಲ್ಲಿ ‘ಬಿಲಿಯೋನ್’ ಎಂದರೆ ಲಕ್ಷ ಕೋಟಿ, 100 ಕೋಟಿಗೆ ‘ಮಿಲಿಯಾರ್ಡೆ’. ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುವುದೂ ಅವರ ರೂಢಿ.

ಹಳೆಯ ಹೆಸರುಗಳು ಇದಕ್ಕಿಂತ ಜಾರು. ‘ಅರ್ಬುದ’ ಆರ್ಯಭಟನಲ್ಲಿ ಒಂದರ ಮುಂದೆ 8 ಸೊನ್ನೆ, ಅಂದರೆ 10 ಕೋಟಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ ಬರೆದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ದಶಕೋಟಿ, ಶತಕೋಟಿ ಆದಮೇಲೆ ಅರ್ಬುದ ಬರುತ್ತದೆ, ಹಾಗಾಗಿ 10 ಸೊನ್ನೆ. ಹಿಂದಿಯ ‘ಅರಬ್’ ಅದೇ ಪದದ ಮಗ, ಆದರೆ ಬೆಲೆ 9 ಸೊನ್ನೆ. ಅರ್ಬುದವನ್ನು ಗ್ರಂಥದ ಹೆಸರಿಲ್ಲದೆ ಎಲ್ಲಿಯೂ ನಮೂದಿಸಬೇಡಿ.

ಕೋನದ ಅಳತೆಗೆ ಬರೋಣ. ಆಕಾಶದಲ್ಲಿ ಒಂದು ಬಿಂದುವಿನ ವಿಷುವದಂಶವನ್ನು (ವಿಷುವದ್ವೃತ್ತದ ಉದ್ದಕ್ಕೆ ಪೂರ್ವದ ಕಡೆ ಅಳೆಯುವ ಕೋನ) ಗಂಟೆ, ನಿಮಿಷ, ಸೆಕೆಂಡುಗಳಲ್ಲಿ ಕೊಡುತ್ತಾರೆ. ಕ್ರಾಂತಿಯನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ. ಮೊದಲನೆಯ ನಿಮಿಷ ಎರಡನೆಯದರ 15 ಪಟ್ಟು. ಎರಡಕ್ಕೂ ‘ನಿಮಿಷ’ ಎಂದು ಬರೆದ ಅನುವಾದ ಹಿಡಿದು ದೂರದರ್ಶಕ ತಿರುಗಿಸಿದರೆ ಹುಡುಕಿದ್ದು ಸಿಗುವುದಿಲ್ಲ. ಕೋನಕ್ಕೆ ಕಲೆ, ವಿಕಲೆ ಎಂಬ ಪದಗಳು ಕೈಯಲ್ಲೇ ಇವೆ. ಚಂದ್ರಕಲೆಯ ನೆನಪಾಗುತ್ತದೆ ಎಂಬ ಅಳುಕಿದ್ದರೆ ‘ಕೋನ ನಿಮಿಷ’ ಎನ್ನಿ.

ಕಡತದ ಕೆಲಸ

ಹಾಳೆಯನ್ನು ತೆರೆದ ಕೂಡಲೇ ಎಲ್ಲ ಕಾಲಂಗಳನ್ನೂ ‘ಪಠ್ಯ’ ಎಂದು ಗೊತ್ತುಮಾಡಿ. ಇಲ್ಲದಿದ್ದರೆ ಬೀಟಲ್‌ಜ್ಯೂಸಿನ ವಿಷುವದಂಶ 5:55:10 ಎಂದು ಟೈಪಿಸಿದ್ದು ಬೆಳಗಿನ ಐದೂಮುಕ್ಕಾಲು ದಾಟಿದ ಹೊತ್ತಾಗಿ, 3/4 ಎಂಬ ಭಿನ್ನರಾಶಿ ತಾರೀಖಾಗಿ ಬದಲಾಗುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯ ಕಡತ) ಆಗಿ ಉಳಿಸುವಾಗ ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ ಕ್ರಮ ಆರಿಸಿ. ಎಕ್ಸೆಲ್ಲಿನಲ್ಲಿ ಕನ್ನಡ ಕಲಸುಮೇಲೋಗರವಾಗಿ ಕಂಡರೆ ‘ಬಿಓಎಂ ಸಹಿತ’ ಎಂಬ ಆಯ್ಕೆಯಿಂದ ಮತ್ತೆ ಉಳಿಸಿ. ನುಡಿಯಂಥ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಕಡತವಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಒಂದು ಸಲ ಕಣ್ಣಾರೆ ನೋಡಿ. ಸೂರ್ಯ, ವರ್ಗ, ಅರ್ಧ, ಪೂರ್ಣಾಂಕ ಇವು ಮೊದಲು ಕೆಡುವ ಪದಗಳು.

ಕಣ್ಣಿಗೆ ಕಾಣದ ತಪ್ಪುಗಳು ಮೂರು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಟೈಪಾಗಿರುವುದು: ನೋಡಲು ಎರಡೂ ಒಂದೇ, ಹುಡುಕಿದರೆ ‘ಸಂಖ್ಯೆ’ ಸಿಗುವುದಿಲ್ಲ. ಓಕಾರ ಕೆಲವೊಮ್ಮೆ ಒಂದೇ ಚಿಹ್ನೆಯಾಗಿ, ಕೆಲವೊಮ್ಮೆ ಎರಡು ಮೂರು ತುಂಡಾಗಿ ಕೂತಿರುವುದು: ಇದಕ್ಕೆ ಇಡೀ ಕಡತವನ್ನು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯೂನಿಕೋಡ್ ಕ್ರಮ) ರೂಪಕ್ಕೆ ತಂದರೆ ಆಯಿತು. ಮೂರನೆಯದು ‘ನೆಪ್ಚೂನ್‌ನ’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅಗಲವಿಲ್ಲದ ಅಕ್ಷರ. ವಾಕ್ಯದಲ್ಲಿ ಅದು ಬೇಕಾಗುತ್ತದೆ, ಆದರೆ ಮುಖ್ಯ ಪದದ ಕೊನೆಯಲ್ಲಿ ಅಂಟಿಕೊಂಡು ಉಳಿದರೆ ಒಂದೇ ಪದ ಎರಡು ಸಾಲಾಗಿ ಎಣಿಕೆಗೆ ಬರುತ್ತದೆ. ಅಂಕಿಗಳನ್ನು 1, 2, 3 ಎಂದೇ ಇಡಿ. ಕನ್ನಡ ಅಂಕಿಗಳನ್ನು ಬಹುಪಾಲು ಸ್ಪ್ರೆಡ್‌ಶೀಟುಗಳು ಸಂಖ್ಯೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಿರುಗಿಸಿ ನೋಡುವುದು

ಪಟ್ಟಿ ಮುಗಿದ ಮೇಲೆ ಇಬ್ಬರು ಬೇಕು, ಇಬ್ಬರೂ ಪಟ್ಟಿ ಮಾಡಿದವರಾಗಿರಬಾರದು. ಮೊದಲನೆಯವರಿಗೆ ಕನ್ನಡದ ವಿವರಣೆ ಮಾತ್ರ ಕೊಟ್ಟು ಪದ ಕೇಳಿ. ಎರಡನೆಯವರಿಗೆ ಕನ್ನಡದ ಪದ ಮಾತ್ರ ಕೊಟ್ಟು ಇಂಗ್ಲಿಷ್ ಬರೆಸಿ. ಗಣಿತದಲ್ಲಿ ಹೆಚ್ಚಾಗಿ ಮುಗ್ಗರಿಸುವುದು ಎರಡು ಕಡೆ. ‘ಭಾಗಲಬ್ಧ’ ಎಂದರೆ ಭಾಗಾಕಾರದ ಉತ್ತರವೂ ಹೌದು, ‘ಭಾಗಲಬ್ಧ ಸಂಖ್ಯೆ’ಯೂ ಹೌದು. ಆದ್ದರಿಂದ ಎರಡನೆಯದನ್ನು ‘ಸಂಖ್ಯೆ’ ಸೇರಿಸದೆ ಎಂದೂ ಬರೆಯಬೇಡಿ. ಇನ್ನೊಂದು ‘ಪೂರ್ಣ ಸಂಖ್ಯೆ’ ಮತ್ತು ‘ಪೂರ್ಣಾಂಕ’. ಮೊದಲನೆಯದು 0, 1, 2, 3 ಹೀಗೆ. ಎರಡನೆಯದರಲ್ಲಿ ಋಣ ಸಂಖ್ಯೆಗಳೂ ಸೇರುತ್ತವೆ. ಸ್ವಾಭಾವಿಕ ಸಂಖ್ಯೆ ನಮ್ಮ ಶಾಲೆಯಲ್ಲಿ 1ರಿಂದ ಶುರು, ಫ್ರೆಂಚ್ ಗಣಿತದಲ್ಲಿ 0ಯಿಂದ. ಫ್ರೆಂಚಿನಲ್ಲಿ ‘ಪೊಸಿಟಿಫ್’ ಎಂದರೂ ಸೊನ್ನೆ ಒಳಗೇ ಇರುತ್ತದೆ. ಪ್ರಮೇಯವೊಂದು ಸೊನ್ನೆಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಹೀಗೆ ಅನುವಾದದಲ್ಲೇ ತೀರ್ಮಾನವಾಗಿಬಿಡುತ್ತದೆ, ಆದ್ದರಿಂದ ಈ ಸಾಲುಗಳಲ್ಲಿ ‘ಸೊನ್ನೆ ಸೇರಿ’ ಅಥವಾ ‘ಸೊನ್ನೆ ಬಿಟ್ಟು’ ಎಂದು ಬರೆದೇ ತೀರಬೇಕು.

ಇಬ್ಬರಲ್ಲಿ ಒಬ್ಬರು ತಪ್ಪಿದರೂ ಸಾಲನ್ನು ತಿದ್ದಿ, ತಪ್ಪು ಉತ್ತರವನ್ನು ‘ಇದಲ್ಲ’ ಕಾಲಂಗೆ ಸೇರಿಸಿ. ಹಳೆಯ ಸಾಲನ್ನು ಮಾತ್ರ ಅಳಿಸಬೇಡಿ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಒಕ್ಕೂಟದ ಸಭೆ ಪ್ಲೂಟೊವನ್ನು ಕುಬ್ಜ ಗ್ರಹ ಎಂದು ಕರೆದ ಮೇಲೆ ಎಷ್ಟೋ ಪಟ್ಟಿಗಳಲ್ಲಿ ‘ಒಂಬತ್ತನೇ ಗ್ರಹ’ ಎಂಬ ನಮೂದನ್ನೇ ಕಿತ್ತುಹಾಕಿದರು. 1990ರ ಪಠ್ಯಪುಸ್ತಕ ಓದುವವರಿಗೆ ಆ ನಮೂದು ಈಗಲೂ ಬೇಕು. ‘2006ರವರೆಗೆ’ ಎಂದು ಪಕ್ಕದಲ್ಲಿ ಬರೆದು ಉಳಿಸಿಕೊಳ್ಳಿ. ಪ್ಲೂಟೊದ ಗುರುತಿನ ಸಂಖ್ಯೆ 339, ಅದು ಬದಲಾಗಿಲ್ಲ.